ಎಮ್ಮೆ ಹೋಗುವ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ನಾನು ಸಮಾಜಸೇವೆ ಮಾಡುವ ಪೈಕಿ ಅಲ್ಲ. ಹಾವೇರಿ ಕಡೆಯಿಂದ ಪುಣೆಗೆ ಬಂದು 19 ವರ್ಷ ಆಯಿತು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಅಂದರೆ ಬೇರೆಯವರು ಮಾಡಿದ್ದನ್ನು ಅಳೆಯುವುದು, ಅಳತೆ ತಪ್ಪಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು. ಜೇಬಿನಲ್ಲಿ ಟೇಪು, ಬ್ಯಾಗಿನಲ್ಲಿ ಕೂದಲೆಳೆಯಷ್ಟು ಅಳತೆಯನ್ನೂ ಹಿಡಿಯುವ ವರ್ನಿಯರ್ ಇಲ್ಲದೆ ನಾನು ಮನೆ ಬಿಡುವುದಿಲ್ಲ. ರೊಟ್ಟಿ ದಪ್ಪ ಆಗಿದೆ ಅಂದರೆ "ಅಳೆದು ನೋಡ್ರಿ ಬೇಕಾದ್ರ" ಅಂತ ಹೆಂಡತಿ ಚುಡಾಯಿಸುತ್ತಾಳೆ.

2023ರ ರಾಜ್ಯೋತ್ಸವಕ್ಕೆ ಪಿಂಪ್ರಿ-ಚಿಂಚವಾಡದ ನಾವೊಂದಿಷ್ಟು ಕನ್ನಡದವರು ಚಂದಾ ಎತ್ತಿದ್ದೆವು. ಶಾಮಿಯಾನಾ, ಊಟ ಎಲ್ಲ ಮುಗಿದ ಮೇಲೂ ದುಡ್ಡು ಉಳಿಯಿತು. ಯಾರೋ ವೀಲ್‌ಚೇರ್ ಕೊಡೋಣ ಅಂದರು, ಎಲ್ಲರೂ ಹೂಂ ಅಂದರು. ಐದು ವೀಲ್‌ಚೇರ್ ಬಂದವು. ಯಾರಿಗೆ ಕೊಡೋದು ಅನ್ನುವ ಯೋಚನೆ ಅದಾದ ಮೇಲೆ ಬಂತು. ಎರಡು ತಿಂಗಳು ಅವು ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದ್ದವು.

ನಮ್ಮ ಬಿಲ್ಡಿಂಗಿನಲ್ಲೇ ಬೆಳಗಾವಿಯ ಅಕ್ಕ ಒಬ್ಬರಿದ್ದಾರೆ, ಫಿಸಿಯೋಥೆರಪಿಸ್ಟ್. ಎರಡು ಮೂರು ತಿಂಗಳಿಗೊಮ್ಮೆ ತಮ್ಮ ಖರ್ಚಿನಲ್ಲೇ ವೆಲ್ಹೆ ಕಡೆಯ ಹಳ್ಳಿಗಳಿಗೆ ಹೋಗಿ ಬರುತ್ತಾರೆ. ಪುಣೆಯಿಂದ 60 ಕಿಲೋಮೀಟರ್ ಆಸುಪಾಸು. ವೆಲ್ಹೆಗೆ ಈಗ ರಾಜಗಡ ತಾಲೂಕು ಅಂತ ಹೆಸರು ಇಟ್ಟಿದ್ದಾರೆ, ಬಸ್ಸಿನವರ ಬಾಯಲ್ಲಿ ಮಾತ್ರ ಇನ್ನೂ ವೆಲ್ಹೆನೇ. ಅವರನ್ನು ಕೇಳಿದಾಗ ಒಂದೇ ಮಾತು ಹೇಳಿದರು: "ಸುಮ್ನೆ ಕೊಟ್ಟು, ಫೋಟೋ ತೆಗೆಸಿಕೊಂಡು ಬರೋದಾದ್ರೆ ನೀವೇ ಹೋಗ್ರಿ. ಆರು ದಿನ ಇರೋದಾದ್ರೆ ನಾನೂ ಬರ್ತೀನಿ." 2024ರ ಫೆಬ್ರುವರಿಯಲ್ಲಿ ಆರು ದಿನ ರಜೆ ಹಾಕಿದೆ.

ಊರಿನ ಹೆಸರು ಬರೆಯುವುದಿಲ್ಲ. ಮೂರು ವಾಡಿ ಸೇರಿದರೂ ನೂರು ಮನೆ ದಾಟುವುದಿಲ್ಲ, ಹೆಸರು ಹೇಳಿದರೆ ಯಾರ ಮನೆ ಅಂತ ಅಲ್ಲಿನ ಮಕ್ಕಳೂ ಹೇಳಿಬಿಡುತ್ತಾರೆ.

ಸೋಮವಾರ

ಬೆಳಿಗ್ಗೆ ಆರಕ್ಕೆ ಟೆಂಪೋ ಬಿಟ್ಟಿತು. ಅಕ್ಕ, ನಾನು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ವಿಜಯಪುರದ ಹುಡುಗ. ಈ ಹುಡುಗ ನನ್ನನ್ನು ಕಾಕಾ ಅನ್ನುತ್ತಾನೆ, ಗಾಡಿ ಚೆನ್ನಾಗಿ ಓಡಿಸುತ್ತಾನೆ, ಬಾಯಿ ಸ್ವಲ್ಪ ಜಾಸ್ತಿ. ಕಾತ್ರಜ್ ಸುರಂಗ, ಖೇಡ್ ಶಿವಾಪುರದ ಟೋಲ್ ದಾಟಿ, ಚೇಲಾಡಿ ಫಾಟಾದಲ್ಲಿ ಬಲಕ್ಕೆ ತಿರುಗಿದೆವು. ನಸರಾಪುರ ಆದ ಮೇಲೆ ರಸ್ತೆ ಸಣ್ಣದಾಗುತ್ತಾ ಹೋಯಿತು. ಭತ್ತ ಕೊಯ್ದ ಗದ್ದೆಗಳು, ಗುಡ್ಡದ ಮೇಲೆ ತೋರಣಾ ಕೋಟೆ. ಶಿವಾಜಿ ಹದಿಹರೆಯದಲ್ಲಿ ಗೆದ್ದ ಮೊದಲ ಕೋಟೆ ಇದು ಅಂತ ಹುಡುಗ ಶುರು ಮಾಡಿದ. ಅಕ್ಕ ನಿದ್ದೆ ಹೋಗಿದ್ದರು. ವಿಂಝರದಲ್ಲಿ ಚಹಾ ಕುಡಿದೆವು.

ಊರಲ್ಲಿ ಆಶಾ ಕಾರ್ಯಕರ್ತೆ ಕಾಯುತ್ತಿದ್ದರು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನನ್ನ ಬಾಯಲ್ಲಿ ಅದು ಎಷ್ಟು ವರ್ಷವಾದರೂ 'ತಾಯಿ' ಆಗಿಯೇ ಬರುತ್ತದೆ, ಹಾಗಾಗಿ ನನಗಿಂತ ಹತ್ತು ವರ್ಷ ಚಿಕ್ಕವರನ್ನು ಆರು ದಿನ ತಾಯಿ ತಾಯಿ ಅಂದೆ. ಅವರ ಕೈಯಲ್ಲಿ ಪಟ್ಟಿ ಇತ್ತು, 14 ಹೆಸರು. ಪೋಲಿಯೋ, ಲಕ್ವಾ, ಹುಟ್ಟಿನಿಂದಲೇ ಕಿವಿ ಕೇಳದವರು, ಕಣ್ಣು ಹೋದವರು, ಬುದ್ಧಿ ಬೆಳೆಯದ ಒಬ್ಬ ಹುಡುಗಿ. 1995ರ ಕಾಯ್ದೆಯಲ್ಲಿ ಏಳೇ ಬಗೆ ಇದ್ದವು, 2016ರ ಕಾಯ್ದೆ 21 ಬಗೆ ಮಾಡಿದೆ ಅಂತ ಅಕ್ಕ ಹೇಳಿದರು. ಆಶಾ ತಾಈ ಅದನ್ನು ಕೇಳಿ, "21 ಇರಲಿ ಮೇಡಂ, ಕಾರ್ಡ್ ಬಂದಿರೋದು ನಾಲ್ಕು ಜನಕ್ಕೆ" ಅಂದರು.

ಮೊದಲ ಮನೆ ಒಬ್ಬ ಅಜ್ಜಿಯದು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋಗಿವೆ. ಮಾತು ಅರ್ಧ ಬರುತ್ತದೆ. ಕಾರ್ವಿ ಕಡ್ಡಿಗೆ ಸೆಗಣಿ-ಮಣ್ಣು ಮೆತ್ತಿದ ಗೋಡೆ, ಒಳಗೆ ಕತ್ತಲೆ, ಮೂಲೆಯಲ್ಲಿ ಹಗ್ಗದ ಮಂಚ. ಹುಡುಗ ಜೋಶಿನಲ್ಲಿ ವೀಲ್‌ಚೇರ್ ಇಳಿಸಿ, ಬಿಚ್ಚಿ, ತಳ್ಳಿಕೊಂಡು ಬಂದ. ಬಾಗಿಲ ಹತ್ತಿರ ಬಂದು ಠಕ್ಕಂತ ನಿಂತ. ನಾನು ಟೇಪ್ ಹಿಡಿದೆ. ಬಾಗಿಲು 24 ಇಂಚು. ಕುರ್ಚಿ 26. ಅದರ ಕೆಳಗೆ ಹೊಸ್ತಿಲು 9 ಇಂಚು, ಬೆಳಿಗ್ಗೆಯಷ್ಟೇ ಅರಿಶಿನ ಕುಂಕುಮ ಇಟ್ಟಿದ್ದರು.

ಅಜ್ಜಿಯನ್ನು ಸೊಸೆ ಮತ್ತು ನಾವಿಬ್ಬರು ಎತ್ತಿಕೊಂಡು ಹೊರಗೆ ತಂದು ಕೂರಿಸಿದೆವು. ಫೋಟೋನೂ ತೆಗೆದೆವು, ಸುಳ್ಳು ಯಾಕೆ ಹೇಳಲಿ. ಹತ್ತು ನಿಮಿಷಕ್ಕೆ ಅಜ್ಜಿ ಕೈ ಅಲ್ಲಾಡಿಸಿ ಒಳಗೆ ಕರೆದುಕೊಂಡು ಹೋಗಿ ಅಂದರು. ಸಂಜೆ ನೋಡಿದರೆ ಮೊಮ್ಮಗ ಅದರಲ್ಲಿ ಕೂತು ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದ, ಹಿಂದೆ ಮೂರು ಮಕ್ಕಳು ಕ್ಯೂ.

ರಾತ್ರಿ ದೇವಸ್ಥಾನದ ಮಂಟಪದಲ್ಲಿ ಮಲಗಿದಾಗ ಅಕ್ಕ ಅಂದರು, "2011ರ ಜನಗಣತಿ ಪ್ರಕಾರ ದೇಶದಾಗ 2 ಕೋಟಿ 68 ಲಕ್ಷ ಅಂಗವಿಕಲರು, ನೂರಕ್ಕೆ 69 ಮಂದಿ ಹಳ್ಳಿಯೊಳಗ. ಈ ಕುರ್ಚಿ ಮಾತ್ರ ಆಸ್ಪತ್ರೆ ವರಾಂಡ ನೋಡಿ ಮಾಡ್ಯಾರ, ತಮ್ಮಾ." ಮೊದಲೇ ಹೇಳಬಹುದಿತ್ತಲ್ಲ ಅಂದೆ. "ಹೇಳಿದ್ರ ಕೇಳ್ತಿದ್ರೇನು?" ಅಂತ ಮಗ್ಗುಲು ಬದಲಿಸಿದರು.

ಮಂಗಳವಾರ

ಎಂಟು ವರ್ಷದ ಒಬ್ಬ ಹುಡುಗ. ಹುಟ್ಟುವಾಗ ತಡವಾಗಿ ಅತ್ತವನು, ಮಿದುಳಿಗೆ ಗಾಳಿ ಕಡಿಮೆ ಆಗಿ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಕತ್ತು ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಮಲಗಿಯೇ ಇದ್ದಾನೆ ಅಂದರೂ ತಪ್ಪಲ್ಲ. ಅಮ್ಮ ಅವನನ್ನು ತೊಡೆಯ ಮೇಲೆ ಅಂಗಾತ ಹಾಕಿಕೊಂಡು ತಿಳಿ ಅನ್ನ ಬಾಯಿಗೆ ಬಿಡುತ್ತಿದ್ದರು. ಎರಡು ತುತ್ತಿಗೊಮ್ಮೆ ಕೆಮ್ಮು. ವರ್ಷಕ್ಕೆ ಮೂರು ನಾಲ್ಕು ಸಲ ಕಫ, ಜ್ವರ, ಆಸ್ಪತ್ರೆ.

ಅಕ್ಕ ತುತ್ತು ನಿಲ್ಲಿಸಿ ಅಂದರು. ಅನ್ನ ಹೊಟ್ಟೆಗೆ ಹೋಗುವ ಬದಲು ಶ್ವಾಸದ ಕೊಳವೆಗೆ ಇಳಿಯುತ್ತಿದೆ, ಜ್ವರ ಬರೋದು ಅದರಿಂದಲೇ. ಕೂರಿಸಬೇಕು. ಸೊಂಟ ಮಡಚಿ ನೆಟ್ಟಗೆ, ಮಂಡಿ ಮಡಚಿ, ಪಾದದ ಕೆಳಗೆ ಏನಾದರೂ ಆಸರೆ, ಗದ್ದ ಸ್ವಲ್ಪ ಕೆಳಗೆ. ಆದರೆ ಕೂರಿಸೋದು ಎಲ್ಲಿ? ನಮ್ಮ ವೀಲ್‌ಚೇರ್‌ನಲ್ಲಿ ಕೂರಿಸಿ ನೋಡಿದೆವು, ಕಾಯಿಪಲ್ಲೆ ಚೀಲದ ಹಾಗೆ ಒಂದು ಕಡೆ ಕುಸಿದ. ದೊಡ್ಡವರ ಅಳತೆ ಅದು.

ಆಗ ನನಗೆ ಕೆಲಸ ಸಿಕ್ಕಿತು. ಹುಡುಗನ ಅಳತೆ ತೆಗೆದುಕೊಂಡೆ: ಬೆನ್ನು, ತೊಡೆ, ಮೊಣಕಾಲಿನಿಂದ ಹಿಮ್ಮಡಿ, ಸೊಂಟದ ಅಗಲ. ಊರಿನ ಸುತಾರ, ಅಂದರೆ ಬಡಗಿ, ಹಳೇ ಕಿಟಕಿಯ ಹಲಗೆ ತಂದರು. ಎರಡು ಹಲಗೆಯನ್ನು ಗೋಡೆ ಮೂಲೆಯ ಹಾಗೆ ಜೋಡಿಸಿ, ಕೆಳಗೆ ಕೂರಲು ಪಟ್ಟಿ. ತೊಡೆ ನಡುವೆ ಒಂದು ಗೂಟ, ಮುಂದಕ್ಕೆ ಜಾರದ ಹಾಗೆ. ಮೂಲೆಯಲ್ಲಿ ಕೂತರೆ ಭುಜ ತಾನಾಗಿ ಮುಂದೆ ಬರುತ್ತದೆ, ಮೈ ಬಿಲ್ಲಿನಂತೆ ಹಿಂದೆ ಬಾಗುವುದಿಲ್ಲ ಅಂತ ಅಕ್ಕ. ಗೂಟಕ್ಕೆ ಹಳೇ ಸೀರೆ ಸುತ್ತಿದೆವು. ನಾಲ್ಕು ತಾಸು ಹಿಡಿಯಿತು. ನಾನು ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೆ. ಸುತಾರ ಅಳತೆ ಪಟ್ಟಿಯನ್ನೇ ಮುಟ್ಟದೆ, ಹುಡುಗನ ತೊಡೆ ಮೇಲೆ ಗೇಣು ಇಟ್ಟು ನೋಡಿ, ಅದನ್ನು ಕೊಯ್ದು ಹಾಕಿದರು. ಕೆಂಪು ಚೀಟಿ ಈ ಸಲ ನನಗೆ ಬಿತ್ತು.

ಕೂರಿಸಿದೆವು. ಮೊದಲು ಅತ್ತ. ಅಮ್ಮ ಎತ್ತಿಕೊಳ್ಳಲು ಬಗ್ಗಿದರು, ಅಕ್ಕ ಬೇಡ ಅಂತ ಕೈ ಹಿಡಿದರು. ಅಷ್ಟರಲ್ಲಿ ಒಂದು ಹೇಟೆ ಕೋಳಿ ಒಳಗೆ ಬಂತು. ಹುಡುಗನ ಅಳು ನಿಂತಿತು. ಕೋಳಿ ಹೋದ ಕಡೆಗೆ ಅವನ ತಲೆ ನಿಧಾನಕ್ಕೆ, ನಡುಗುತ್ತಾ, ತಿರುಗಿತು. ಮಲಗಿದವನಿಗೆ ಎಂಟು ವರ್ಷ ಕಂಡದ್ದು ತೊಲೆ ಮತ್ತು ಹೆಂಚು, ಕೋಳಿ ದನಿ ಕೇಳಿರಬಹುದು, ನಡೆಯೋದು ನೋಡಿರಲಿಕ್ಕಿಲ್ಲ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆ ಮುದುಕಿ, "ಅಯ್ಯೋ, ಇವನ ಕಿವಿ ನೋಡು, ಥೇಟ್ ಇವನ ಅಜ್ಜಂದೇ!" ಅಂದಳು. ಎಲ್ಲರೂ ಕಿವಿ ನೋಡಲು ಮುಂದೆ ಬಂದರು.

ಊಟಕ್ಕೆ ನಾಚಣಿ ಭಾಕರಿ, ಪಾವಟಾ ಉಸಳ್. ನಾಚಣಿ ಅಂದರೆ ನಮ್ಮ ರಾಗಿ, ಪಾವಟಾ ನಮ್ಮ ಅವರೆಯ ಬಂಧು. ಹುಡುಗನಿಗೂ ಅದೇ ಉಸಳನ್ನು ಮೆತ್ತಗೆ ಹಿಸುಕಿ ತಿನ್ನಿಸಿದರು. ಒಂದೇ ಸಲ ಕೆಮ್ಮಿದ.

ಸಂಜೆ ಅಜ್ಜಿ ಮನೆಗೆ ಹೋಗಿ ಕುರ್ಚಿ ಚಕ್ರದ ಹೊರಗಿನ ಸ್ಟೀಲ್ ಬಳೆ ಬಿಚ್ಚಿದೆ. ಕೂತವರು ತಾವೇ ತಳ್ಳಿಕೊಳ್ಳಲು ಇರುವ ಬಳೆ ಅದು, ಒಂದು ಕೈ ಇಲ್ಲದ ಅಜ್ಜಿಗೆ ಬೇಡ. ಕುರ್ಚಿ 23 ಮುಕ್ಕಾಲಿಗೆ ಬಂತು. ಬಾಗಿಲಿಗೂ ಕುರ್ಚಿಗೂ ನಡುವೆ ಎರಡೂ ಕಡೆ ಸೇರಿ ಕಾಲು ಇಂಚು ಸಂದು. ನನಗೇ ನಾನು ಶಭಾಷ್ ಹೇಳಿಕೊಂಡೆ. ಇನ್ನು ಉಳಿದದ್ದು ಹೊಸ್ತಿಲು, ಅದಕ್ಕೊಂದು ಇಳಿಜಾರು ಕಟ್ಟಿದರೆ ಮುಗಿಯಿತು ಅಂದುಕೊಂಡೆ.

ಬುಧವಾರ

ಈ ದಿನ ಒಬ್ಬ ಮೋಟಾರ್ ಮೆಕ್ಯಾನಿಕ್ ಜೊತೆ. 46 ವರ್ಷ, ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲು ಸಣ್ಣಗಾಗಿವೆ. ನೀರಿನ ಪಂಪು ಸುತ್ತುವುದು, ಮಿಕ್ಸರ್ ರಿಪೇರಿ, ಎಲ್ಲ ಮಾಡುತ್ತಾರೆ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದು, 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆಯೂ ಆಯಿತು. ರೋಗ ಹೋಯಿತು, ರೋಗ ಬಂದವರು ಇನ್ನೂ ನಲವತ್ತು ಐವತ್ತರ ವಯಸ್ಸಿನಲ್ಲಿ ದುಡಿಯುತ್ತಿದ್ದಾರೆ, ಅದು ನನಗೆ ಹೊಳೆದಿರಲಿಲ್ಲ.

ವೀಲ್‌ಚೇರ್ ಬೇಕಾ ಅಂದೆ. ನಕ್ಕರು. "ಇಲ್ಲಿ ಕುರ್ಚಿ ಓಡಿಸೋಕೆ ರಸ್ತೆ ಎಲ್ಲಿದೆ ಸಾಹೇಬ? ಒಂದು ಬುಷ್ ಸಿಗುತ್ತಾ ನೋಡಿ." ಊರುಗೋಲು ತಿರುಗಿಸಿ ತಳ ತೋರಿಸಿದರು. ತಳದ ರಬ್ಬರ್ ಸವೆದು, ಪೈಪಿನ ಲೋಹ ಹೊರಗೆ ಬಂದಿತ್ತು. ಅದಕ್ಕೆ ಹವಾಯಿ ಚಪ್ಪಲಿಯ ತುಂಡು ಕೊಯ್ದು, ತಂತಿ ಬಿಗಿದಿದ್ದರು. ಈ ಗುಡ್ಡದ ಕರಿಕಲ್ಲಿನ ಮೇಲೆ ರಬ್ಬರ್ ಎರಡು ತಿಂಗಳು ಬಂದರೆ ಹೆಚ್ಚು. ಮಳೆಗಾಲದಲ್ಲಿ ಬೋಳು ಪೈಪು ಜಾರುತ್ತದೆ, ಎರಡು ಸಲ ಮಣಿಕಟ್ಟು ಮುರಿದುಕೊಂಡಿದ್ದಾರೆ. ಬುಷ್ಷಿಗೆ ಪುಣೆಗೇ ಹೋಗಬೇಕು. ಒಂದು ಸಣ್ಣ ರಬ್ಬರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು. ನಾನು ವರ್ನಿಯರ್ ತೆಗೆದು ಪೈಪ್ ಹಿಡಿದೆ, 22.2 ಮಿಲಿಮೀಟರ್. ವರ್ನಿಯರ್ ನೋಡಿ ಅವರ ಕಣ್ಣು ಅರಳಿತು, ಇಸಿದುಕೊಂಡು ತಾವೇ ಒಮ್ಮೆ ಅಳೆದರು. 22.1 ಅಂದರು. ವಾದ ಆಯಿತು. ಇಂಥ ಮನುಷ್ಯನ ಜೊತೆ ಮಾತಾಡಲು ಭಾಷೆ ಬೇಕಿಲ್ಲ ನೋಡಿ.

ಅವರ ಜೊತೆ ಬಸ್ಸಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆಗೆ ಹೊರಟೆವು. ಹಳೇ ಕಾಗದದ ಸರ್ಟಿಫಿಕೇಟ್ ಇದೆ, ಈಗ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬೇಕು. ದೇಶಕ್ಕೆಲ್ಲ ಒಂದೇ ಕಾರ್ಡು. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮುಟ್ಟಿದರೆ ನೀಲಿ. ಆಗ ಮಾಸಾಶನ ತಿಂಗಳಿಗೆ 1500 ರೂಪಾಯಿ ಇತ್ತು, ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಮುಕ್ಕಾಲು ಪಾಲು ರಿಯಾಯಿತಿ. ಆದರೆ ಆ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ 17 ಇಂಚು, ನಾನೇ ಅಳೆದೆ. ಅವರು ಎರಡೂ ಊರುಗೋಲನ್ನು ಮೊದಲು ಒಳಗೆ ಎಸೆದು, ಕಂಬಿ ಹಿಡಿದು, ಕೈಯ ಬಲದಲ್ಲೇ ಮೈಯನ್ನು ಎತ್ತಿಕೊಂಡರು. ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಮೆಟ್ಟಿಲಲ್ಲಿ ಇಲ್ಲ.

ಆಸ್ಪತ್ರೆಯಲ್ಲಿ ಬುಧವಾರ ಮಾತ್ರ ತಪಾಸಣೆ. ಹನ್ನೊಂದಕ್ಕೆ ಕೂತೆವು. ಪಕ್ಕದಲ್ಲಿ ಹಾವು ಕಚ್ಚಿ ಕಾಲು ಕಳೆದುಕೊಂಡ ರೈತ. ಜೈಪುರ ಕಾಲು ಹಾಕಿಕೊಂಡಿದ್ದರು, ಬರಿಗಾಲಿನಲ್ಲಿ! ಅಂದರೆ ಚಪ್ಪಲಿ ಇಲ್ಲ, ರಬ್ಬರಿನ ಪಾದ, ಬೆರಳುಗಳೂ ಇವೆ, ಹೆಬ್ಬೆರಳ ಹತ್ತಿರ ಬಿರುಕು. ಅದರಲ್ಲೇ ಭತ್ತದ ಗದ್ದೆಗೆ ಇಳಿಯುತ್ತಾರಂತೆ. 1968ರಲ್ಲಿ ಜೈಪುರದಲ್ಲಿ ಡಾಕ್ಟರ್ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ ಕಾಲು ಇದು. ಅದಕ್ಕಿಂತ ಮುಂಚೆ ಇದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕಿತ್ತು, ಕೂರಲು ಕುರ್ಚಿ ಬೇಕಿತ್ತು. ನಮ್ಮವರು ಕುಕ್ಕರಗಾಲಲ್ಲಿ ಕೂರುತ್ತಾರೆ, ಚಕ್ಕಂಬಕ್ಕಳ ಹಾಕುತ್ತಾರೆ, ಕೆಸರಿನಲ್ಲಿ ನಡೆಯುತ್ತಾರೆ. ಲಾರಿ ಟೈರಿಗೆ ರಬ್ಬರ್ ಹಚ್ಚುವ ಅಂಗಡಿ ನೋಡಿ ಶರ್ಮಾರಿಗೆ ಈ ಪಾದ ಹೊಳೆಯಿತು ಅಂತ ಹೇಳುತ್ತಾರೆ. ರೈತ ಅದನ್ನು ಬಿಚ್ಚಿ ನನ್ನ ಕೈಗೇ ಕೊಟ್ಟರು, ನೋಡಿ ಅಂತ. ನಾನಂದುಕೊಂಡದ್ದಕ್ಕಿಂತ ಭಾರ ಇತ್ತು, ಒಳಗೆ ಬೆವರಿನ ಬಿಸಿ ಇನ್ನೂ ಇತ್ತು.

ಮೂರು ಗಂಟೆಗೆ ಒಬ್ಬ ಸಿಬ್ಬಂದಿ ಹೊರಗೆ ಬಂದು, ಮೂಳೆ ಡಾಕ್ಟರು ಇವತ್ತು ಬರಲ್ಲ, ಮುಂದಿನ ಬುಧವಾರ ಅಂದ. ಮೆಕ್ಯಾನಿಕ್‌ಗೆ ಇದು ಮೂರನೇ ಬುಧವಾರ. ನಾನು ಜಗಳಕ್ಕೆ ಎದ್ದೆ. ಅವರೇ ನನ್ನ ಅಂಗಿ ಹಿಡಿದು ಕೂರಿಸಿದರು. "ನೀವು ಜಗಳ ಆಡಿ ಪುಣೆಗೆ ಹೋಗ್ತೀರಿ. ಮುಂದಿನ ವಾರ ಇದೇ ಕಿಟಕಿಗೆ ಬರೋನು ನಾನು."

ಅಂಗವಿಕಲ, ವಿಕಲಚೇತನ, ದಿವ್ಯಾಂಗ, ಹೆಸರು ಮಾತ್ರ ಬದಲಾಗುತ್ತಲೇ ಇದೆ. ಕಾಲು ವಿಕಲ ಇರಬಹುದು, ಈ ಮನುಷ್ಯನ ಚೇತನ ಎಲ್ಲಿ ವಿಕಲ ಇದೆ ಅಂತ ಬಸ್ಸಿನಲ್ಲಿ ಅಕ್ಕನಿಗೆ ಕೇಳಿದೆ. ಭಾಷಣ ಮಾಡಬೇಡ ಅಂದರು.

ಗುರುವಾರ

ಬೆಳಿಗ್ಗೆ ಇಬ್ಬರು ಹುಡುಗರನ್ನು ಕರೆದುಕೊಂಡು ಅಜ್ಜಿ ಮನೆ ಮುಂದೆ ಕಲ್ಲು-ಮಣ್ಣಿನ ಇಳಿಜಾರು ಕಟ್ಟಿದೆ. ಲೆಕ್ಕ ಗೊತ್ತಿತ್ತು. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ, ಅಂದರೆ 9 ಇಂಚಿಗೆ 9 ಅಡಿ. ಆದರೆ ಅಂಗಳದಲ್ಲಿ ದನದ ನೀರಿನ ತೊಟ್ಟಿಗೆ ಮುಂಚೆ ಸಿಕ್ಕಿದ್ದು 5 ಅಡಿ. ಇಷ್ಟು ಸಾಕು, ನಡೆಯುತ್ತೆ ಅಂದುಕೊಂಡೆ. ಕಾರ್ಖಾನೆಯಲ್ಲಿ ಯಾರಾದರೂ 'ನಡೆಯುತ್ತೆ ಸಾರ್' ಅಂದರೆ ನಾನು ಎಷ್ಟು ಕೂಗಾಡುತ್ತೇನೆ ಗೊತ್ತಾ?

ಮೊದಲು ನಾನೇ ಕೂತು ನೋಡಿದೆ. ಹಿಂದೆ ಸಾಫ್ಟ್‌ವೇರ್ ಹುಡುಗ. ನನ್ನ ತೂಕ 81 ಕಿಲೋ. ಮೇಲಕ್ಕೆ ಮುಕ್ಕಾಲು ಹೋದೆವು, ಮುಂದಿನ ಸಣ್ಣ ಚಕ್ರ ಹಸಿ ಮಣ್ಣಿಗೆ ಇಳಿಯಿತು, ಹುಡುಗನ ಚಪ್ಪಲಿ ಜಾರಿತು, ಕುರ್ಚಿ ಹಿಂದಕ್ಕೆ ಓಡಿತು. ನಾನು ತೊಟ್ಟಿಗೆ ಬೆನ್ನು ಕೊಟ್ಟು ನೀರಲ್ಲಿ ಕೂತೆ. ಎಮ್ಮೆ ಕತ್ತೆತ್ತಿ ನೋಡಿತು. ಒಳಗಿನಿಂದ ವಿಚಿತ್ರ ಸದ್ದು ಬಂತು, ಅಜ್ಜಿ ಸೊಟ್ಟ ಬಾಯಲ್ಲಿ ನಗುತ್ತಿದ್ದರು. ಸೊಸೆ ಸೆರಗು ಬಾಯಿಗೆ ಒತ್ತಿ ಒಳಗೆ ಓಡಿದಳು. ಒಂದು ಮಾತೂ ಆಡಲಿಲ್ಲ.

ಬಟ್ಟೆ ಒಣಗಿಸಿಕೊಂಡು, ಮುಖ ಉಳಿಸಿಕೊಳ್ಳಲು ಅಕ್ಕನ ಜೊತೆ ರಸ್ತೆ ಕಡೆ ಹೊರಟೆ. ಅಲ್ಲಿ ಪುಣೆಯ ಯಾರೋ ದೊಡ್ಡ ಫಾರ್ಮ್‌ಹೌಸ್ ಕಟ್ಟಿಸುತ್ತಿದ್ದಾರೆ, ಆಳುಗಳ ತಗಡಿನ ಶೆಡ್ಡುಗಳಿವೆ. ಆಶಾ ತಾಈ ಹೇಳಿದ್ದರು, ಅಲ್ಲೊಂದು ಕೂಸಿಗೆ ಕಾಲು ಸರಿ ಇಲ್ಲವಂತೆ, ಪಟ್ಟಿಯಲ್ಲಿ ಇಲ್ಲ, ಅವರು ಈ ಊರಿನವರಲ್ಲ. ಹತ್ತಿರ ಹೋದರೆ ಒಳಗಿನಿಂದ "ಏ, ನೀರ್ ಕಾದ್ವೇನು ನೋಡು" ಅಂತ ಕೇಳಿಸಿತು. ಆ ಗುಡ್ಡದ ಸಂದಿಯಲ್ಲಿ ಆ ಮಾತು ಕೇಳಿದಾಗ ನನಗೆ ಏನಾಯಿತು ಅಂತ ಬರೆಯಲು ಬರುವುದಿಲ್ಲ.

"ಯಾವ ಊರವ್ರೀ?" ಅಂದೆ.

"ಚಿತ್ತಾಪುರ ಕಡೀದವ್ರು ರೀ ಅಣ್ಣಾರ. ನೀವು?"

ಗಂಡ ಫರಶಿ, ಅಂದರೆ ನೆಲದ ಹಾಸುಗಲ್ಲು, ಹಾಕುವ ಗೌಂಡಿ. ಹೆಂಡತಿ ಮಣ್ಣು ಹೊರುತ್ತಾಳೆ. ನಾಲ್ಕು ತಿಂಗಳ ಗಂಡು ಕೂಸು, ಪಾದ ಎರಡೂ ಒಳಗೆ ತಿರುಚಿ, ಅಂಗಾಲು ಮೇಲೆ ನೋಡುತ್ತಿದ್ದವು. ತಾಯಿ ದುಪಟಿ ಎಳೆದು ಮುಚ್ಚಿದಳು. "ಗ್ರಹಣದಾಗ ನಾ ಕುಡಗೋಲು ಹಿಡಿದಿದ್ದೆ ರೀ. ಅದಕ್ಕ ಹಿಂಗಾಗ್ಯಾದ ಅಂತಾರ ನಮ್ಮ ಅತ್ತಿ."

ಅಕ್ಕ ಅವಳ ಪಕ್ಕ ಕೂತು ಕೂಸಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊರಗೆ ತಿರುಗಿಸಿದರು. ಪಾದ ಬಂತು, ಬಿಟ್ಟರೆ ಮತ್ತೆ ಒಳಗೆ ಹೋಯಿತು. "ಗ್ರಹಣ ಆಕಾಶದಾಗ ಆಗೋದವಾ, ನಿನ್ನ ಹೊಟ್ಟ್ಯಾಗಲ್ಲ. ಇದು ಮೆತ್ತಗದ, ಸರಿ ಆಗ್ತದ." ವಾರಕ್ಕೊಂದು ಪ್ಲಾಸ್ಟರ್, ಪ್ರತಿ ಸಲ ಪಾದವನ್ನು ಇಷ್ಟಿಷ್ಟೇ ಹೊರಗೆ ತಂದು ಕಟ್ಟುವುದು, ಐದಾರು ವಾರ. ಕೊನೆಗೆ ಹಿಮ್ಮಡಿಯ ಸ್ನಾಯುರಜ್ಜಿಗೆ ಬಹಳ ಮಂದಿಗೆ ಒಂದು ಚಿಕ್ಕ ಕೊಯ್ತ. ಆಮೇಲೆ ಸರಳು ಜೋಡಿಸಿದ ಬೂಟು, ಮೊದಲ ಮೂರು ತಿಂಗಳು ಹಗಲೂ ರಾತ್ರಿ, ನಂತರ ನಾಲ್ಕು ವರ್ಷದವರೆಗೆ ಮಲಗುವಾಗ. ಪೊನ್ಸೆಟಿ ಅನ್ನುವ ಡಾಕ್ಟರ ವಿಧಾನ ಇದು. ಬೂಟು ಬಿಟ್ಟರೆ ಕಾಲು ಮತ್ತೆ ತಿರುಗುತ್ತದೆ ಅನ್ನುವುದನ್ನು ಅಕ್ಕ ಮೂರು ಸಲ ಹೇಳಿದರು. ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಈ ತೊಂದರೆಯೂ ಅದರಲ್ಲಿ ಸೇರಿದೆ, ದುಡ್ಡು ಬೇಡ.

ಗಂಡನ ಪ್ರಶ್ನೆ ಬೇರೆಯೇ ಇತ್ತು. "ಮಳಿ ಹತ್ತಿದ್ರ ನಾವು ಊರಿಗಿ ಹೋಗೋರು ರೀ. ಆಗೇನು ಮಾಡೋದು?" ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. ಫೆಬ್ರುವರಿಯಲ್ಲಿ ಶುರು ಮಾಡಿದರೆ ಮಳೆಗೆ ಮುಂಚೆ ಪ್ಲಾಸ್ಟರ್ ಮುಗಿಯುತ್ತದೆ, ಬೂಟು ಊರಲ್ಲೂ ಹಾಕಬಹುದು. ಚೀಟಿಯ ಒಂದು ಕಡೆ ಮರಾಠಿಯಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ ಬರೆದುಕೊಟ್ಟರು. ಪುಣೆಗೆ ಬಂದ ಮೊದಲ ದಿನ ಆಸ್ಪತ್ರೆಗೆ ಜೊತೆಗೆ ಬರೋದು ಸಾಫ್ಟ್‌ವೇರ್ ಹುಡುಗನ ಪಾಲಿಗೆ ಬಿತ್ತು. ಬಾಯಿ ಜಾಸ್ತಿ ಇರೋದು ಕೆಲವು ಕಡೆ ಒಳ್ಳೇದೇ.

ಚಹಾ ಕೊಟ್ಟರು, ಸಕ್ಕರೆ ಬಹಳ. ನಾನು ತೊಟ್ಟಿಗೆ ಬಿದ್ದ ಕಥೆ ಹೇಳಿದೆ. ಗೌಂಡಿ ನಗಲಿಲ್ಲ. "ಹಸಿ ಮಣ್ಣಾಗ ಗಾಲಿ ಇಳೀತದ ರೀ. ಫರಶಿ ಹಾಕಬೇಕಾಗಿತ್ತು," ಅಂದ.

ಶುಕ್ರವಾರ

ಬೆಳಿಗ್ಗೆ ಇಳಿಜಾರು ಕಿತ್ತು ಹಾಕಲು ಹೋದೆ. ಸೊಸೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಸೋಲು ಒಪ್ಪಿಕೊಂಡ ಮೇಲೆ ಮನುಷ್ಯನಿಗೆ ಪ್ರಶ್ನೆ ಕೇಳುವ ಬುದ್ಧಿ ಬರುತ್ತದೆ ಅನ್ನಿಸುತ್ತೆ. "ತಾಯಿ, ನೀನಾಗಿದ್ರೆ ಏನು ಮಾಡ್ತಿದ್ದೆ?" ಅಂದೆ.

ಅವಳು ಹುಲ್ಲಿನ ಕಟ್ಟು ಕೆಳಗಿಟ್ಟು ಒಳಗೆ ಕರೆದಳು. ಅಡಿಗೆ ಮನೆ ದಾಟಿದರೆ ಅದೇ ಸೂರಿನ ಕೆಳಗೆ ಗೋಠಾ, ಅಂದರೆ ದನದ ಕೊಟ್ಟಿಗೆ. ಅಡಿಗೆ ಮನೆಯಿಂದ ಅಲ್ಲಿಗೆ ಬಾಗಿಲೇ ಇಲ್ಲ, ಬರೀ ತೆರವು, ಎರಡು ಇಂಚಿನ ಮಣ್ಣಿನ ದಿಂಡು. ಕೊಟ್ಟಿಗೆಯಿಂದ ಹಿತ್ತಿಲಿಗೆ ದೊಡ್ಡ ಬಾಗಿಲು, ನೆಲಕ್ಕೆ ಸಮ. ಟೇಪ್ ಹಿಡಿದೆ. 33 ಇಂಚು.

"ಎಮ್ಮೆ ಹೋಗಬೇಕಲ್ಲ," ಅಂದಳು.

ನಾಲ್ಕು ದಿನ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲೇ ಇಲ್ಲ. ಬಂದವರೇ ಮುಂಬಾಗಿಲು ಅಳೆಯೋಕೆ ಶುರು ಮಾಡಿದ್ರಿ. ಆಮೇಲೆ, ಊರಿಂದ ಬಂದ ಪಾಹುಣೆರನ್ನ, ನೆಂಟರನ್ನ, ಸೆಗಣಿ ಮೇಲೆ ಹೇಗೆ ಕರೆದುಕೊಂಡು ಹೋಗೋದು?"

ಅಷ್ಟೇ ಅಲ್ಲ. ಅತ್ತೆಗೆ ಮುಂದಿನ ಅಂಗಳಕ್ಕೆ ಹೋಗುವುದೇ ಇಷ್ಟ ಇಲ್ಲವಂತೆ, ಸೊಟ್ಟ ಬಾಯಿ ನಾಲ್ಕು ಜನ ನೋಡುತ್ತಾರೆ. ಸೋಮವಾರ ಹತ್ತು ನಿಮಿಷಕ್ಕೆ ಕೈ ಅಲ್ಲಾಡಿಸಿದ್ದು ಅದಕ್ಕೇ. ಸೊಸೆಗೆ ಬೇಕಾಗಿರೋದು ಇನ್ನೊಂದು. ಹಿತ್ತಿಲಿನಲ್ಲಿ 20 ಹೆಜ್ಜೆ ದೂರ ಶೌಚಾಲಯ ಇದೆ. ಎರಡು ವರ್ಷದಿಂದ ಅತ್ತೆಗೆ ಎಲ್ಲ ಮಂಚದ ಮೇಲೆಯೇ, ತೆಗೆದು ತೊಳೆಯುವುದು ಇವಳು. ಅವಳು ಇದನ್ನು ಗೋಡೆ ಕಡೆ ನೋಡಿಕೊಂಡು ಹೇಳಿದಳು. ನಾನು 9 ಇಂಚಿನ ಹೊಸ್ತಿಲು ಹಿಡಿದುಕೊಂಡು ಕೂತಿದ್ದೆ, ಆ ಮನೆಯ ತೊಂದರೆ ಇದ್ದದ್ದೇ ಹಿತ್ತಿಲ ಕಡೆ.

ಮಧ್ಯಾಹ್ನದ ಮೇಲೆ ಕೆಲಸ ಜೋರಾಯಿತು. ಪಾಯಖಾನೆಯ ಗುಂಡಿ ನೆಲಮಟ್ಟದ್ದು, ಅಜ್ಜಿಗೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಕೂರುವ ಜಾಗದಲ್ಲಿ ಗುಂಡಗೆ ಗುರುತು ಮಾಡಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆವು. ಅಂಚು ತೊಡೆಗೆ ಚುಚ್ಚುತ್ತೆ ಅಂತ ಮೆಕ್ಯಾನಿಕ್ ಸೀಳಿದ ನೀರಿನ ಪೈಪನ್ನು ಅಂಚಿಗೆ ಸುತ್ತ ತೊಡಿಸಿದರು. ಕರೆಯದೇ ಬಂದಿದ್ದರು, ವರ್ನಿಯರ್ ಇನ್ನೊಮ್ಮೆ ನೋಡಬೇಕಿತ್ತಂತೆ. ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು, ಎಡಗೈ ಕಡೆಗೆ. ನಾನು ಅಭ್ಯಾಸಬಲದಲ್ಲಿ ಬಲಕ್ಕೆ ಗುರುತು ಹಾಕಿದ್ದೆ, ಅಕ್ಕ ತಲೆಗೆ ಮೊಟಕಿದರು.

ಐದು ಗಂಟೆಗೆ ಗೌಂಡಿ ಬಂದ, ಕೆಲಸ ಮುಗಿಸಿ, ಮೈಯೆಲ್ಲ ಸಿಮೆಂಟು. ತಲೆ ಮೇಲೆ ಶಹಾಬಾದ್ ಫರಶಿಯ ಒಡೆದ ತುಂಡುಗಳು. ಬಿಸಾಡೋದನ್ನ ಕೇಳಿ ತಂದೀನಿ ಅಂದ. ಶಹಾಬಾದ್ ಅವನ ಊರಿನ ಪಕ್ಕದ್ದೇ. ಪುಣೆಯ ಎಷ್ಟೋ ಹಳೇ ಮನೆಗಳಿಗೆ ಹಾಸಿರುವ ಕಲ್ಲು ಕಲಬುರಗಿಯ ನೆಲದಿಂದ ಬಂದದ್ದು, ಈಗ ಕಲ್ಲಿನ ಹಿಂದೆ ಆ ನೆಲದ ಜನ. ಟಾರ್ಚ್ ಬೆಳಕಿನಲ್ಲಿ ಎಂಟೂವರೆಯವರೆಗೆ ಹಾಸಿದ, ಕೊಟ್ಟಿಗೆ ಬಾಗಿಲಿನಿಂದ ಶೌಚಾಲಯದವರೆಗೆ. ಕೈಯಿಂದ ಒಂದು ಕಲ್ಲು ಇಟ್ಟು, ಕರಣೆಯ ಹಿಡಿಯಿಂದ ಟಕ ಟಕ ಬಡಿದು, ಸದ್ದು ಕೇಳಿ, ಕೆಳಗೆ ಪೊಳ್ಳಿದ್ದರೆ ಎತ್ತಿ ಇನ್ನೊಂದು ಹಿಡಿ ಮಣ್ಣು. ಇವನಿಗೂ ಸುತಾರನಿಗೂ ಟೇಪಿನ ಗೊಡವೆಯೇ ಇಲ್ಲ. ಅವನಿಗೆ ಮರಾಠಿ ಅಷ್ಟಕ್ಕಷ್ಟೆ, ಸೊಸೆಗೆ ಕನ್ನಡ ಗೊತ್ತಿಲ್ಲ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಜಗಳದ ಹಾಗೆ ಮಾತಾಡಿಕೊಂಡು ಮುಗಿಸಿದರು. ಊಟ ಮಾಡದೆ ಬಿಡಲಿಲ್ಲ ಅವಳು.

ಶನಿವಾರ

ಹೊರಡುವ ಮುಂಚೆ ಒಮ್ಮೆ ನೋಡೋಣ ಅಂತ ಹಿತ್ತಿಲಿನಿಂದಲೇ ಹೋದೆವು. ಸೊಸೆ ಕುರ್ಚಿ ತಳ್ಳುತ್ತಿದ್ದಳು. ಕೊಟ್ಟಿಗೆಯ ನಡುವೆ ಅಜ್ಜಿ ಎಡಗೈ ಎತ್ತಿ ನಿಲ್ಲಿಸು ಅಂದರು. ಎಮ್ಮೆ ಮೂತಿ ಚಾಚಿ ಅವರ ಸೆರಗು ಮೂಸಿ ನೋಡಿತು. ಲಕ್ವಾ ಹೊಡೆಯುವ ಬೆಳಿಗ್ಗೆವರೆಗೂ ಹಾಲು ಕರೆಯುತ್ತಿದ್ದದ್ದು ಅಜ್ಜಿಯೇ ಅಂತೆ. ಏನೋ ಬೈದರು ಎಮ್ಮೆಗೆ, ನಮಗೆ ಅರ್ಥ ಆಗಲಿಲ್ಲ, ಎಮ್ಮೆಗೆ ಆಗಿರಬೇಕು. ಫೋಟೋ ತೆಗೆಯಲಾ ಅಂತ ಹುಡುಗ ಕೇಳಿದ. ಅಜ್ಜಿ ಬೇಡ ಅಂದರು. ತೆಗೆಯಲಿಲ್ಲ.

ಐದು ವೀಲ್‌ಚೇರಿನಲ್ಲಿ ಎರಡು ಅಲ್ಲಿ ಉಳಿದವು. ಮೂರು ವಾಪಸ್ ಬಂದವು. ಬಳಗದವರು ಯಾಕೆ ವಾಪಸ್ ಅಂತ ಕೇಳಿದರು, ಕೆಲವರಿಗೆ ಬೇಜಾರೂ ಆಯಿತು. ಅವನ್ನು ಇಳಿಸಿ ನಮ್ಮ ಲಿಫ್ಟಿನ ಹತ್ತಿರ ತರುವಾಗ ನೋಡಿದೆ, ಲಿಫ್ಟಿಗೆ ಮುಂಚೆ ನಾಲ್ಕು ಮೆಟ್ಟಿಲು. 11 ವರ್ಷದಿಂದ ದಿನಾ ಹತ್ತಿ ಇಳಿದಿದ್ದೇನೆ. ಒಂದೊಂದು ಆರೂವರೆ ಇಂಚು. ಸೊಸೈಟಿ ಸೆಕ್ರೆಟರಿಗೆ ಪತ್ರ ಕೊಟ್ಟಿದ್ದೇನೆ, ಮುಂದಿನ ಸಭೆಯಲ್ಲಿ ನೋಡೋಣ ಅಂದಿದ್ದಾರೆ. ನನಗೂ ಈಗ ನನ್ನದೇ ಒಂದು ಬುಧವಾರ ಸಿಕ್ಕಿದೆ.

ಮೂರು ವಾರ ಬಿಟ್ಟು 22 ಮಿಲಿಮೀಟರಿನ ಒಂದು ಡಜನ್ ರಬ್ಬರ್ ಬುಷ್ ಕೊಂಡು, ಎಸ್‌ಟಿ ಬಸ್ಸಿನಲ್ಲಿ ಮೆಕ್ಯಾನಿಕ್‌ಗೆ ಕಳಿಸಿದೆ. ಎರಡನೇ ದಿನ ಫೋನ್ ಬಂತು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡು ಎತ್ತಿದೆ.

"ಸಾಹೇಬ, ಹನ್ನೆರಡರಲ್ಲಿ ಎರಡು ಲೂಸ್ ಇವೆ. ಕಳಿಸೋ ಮುಂಚೆ ಅಳೆಯಲಿಲ್ವಾ?"